ಕರ್ನೆಲ್ಲಿನ ಮರುಕರೆಗಳು: ದೋಷಶೋಧನೆಯೂ ಕಾಲಮಾಪನವೂ

೧. ಪೀಠಿಕೆ

ಗಣಕಶಾಸ್ತ್ರದ ಮೊದಲ ಪಾಠಗಳಲ್ಲಿ ವಿದ್ಯಾರ್ಥಿಯು ಕ್ರಮವಿಧಿಯನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದಲು ಕಲಿಯುತ್ತಾನೆ. ಒಂದು ಫಂಕ್ಷನ್ ಇನ್ನೊಂದನ್ನು ಕರೆಯುತ್ತದೆ. ಕರೆಸಿಕೊಂಡದ್ದು ತನ್ನ ಕೆಲಸವನ್ನು ಮುಗಿಸಿ ಕರೆದಲ್ಲಿಗೇ ಹಿಂದಿರುಗುತ್ತದೆ. ಎಲ್ಲಿಯಾದರೂ ತಪ್ಪು ಸಂಭವಿಸಿದರೆ, ಯಾರು ಯಾರನ್ನು ಕರೆದರೆಂಬ ಸರಣಿಯನ್ನು ಹಿಂದುಹಿಂದಕ್ಕೆ ಅನುಸರಿಸಿ ಹೋದಲ್ಲಿ ತಪ್ಪಿನ ಮೂಲ ದೊರೆಯುವುದೆಂದು ಅವನು ನಂಬುತ್ತಾನೆ. ಸಾಧಾರಣ ಕ್ರಮವಿಧಿಗಳ ಮಟ್ಟಿಗೆ ಈ ನಂಬಿಕೆ ನ್ಯಾಯವಾದದ್ದೇ. ಆದರೆ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನೆಲ್ಲನ್ನು ಹೊಕ್ಕೊಡನೆ ಅದನ್ನು ಬಹುಮಟ್ಟಿಗೆ ತಿದ್ದಿಕೊಳ್ಳಬೇಕಾಗುತ್ತದೆ. ಅಲ್ಲಿ ನಡೆಯುವ ಕೆಲಸದ ದೊಡ್ಡ ಪಾಲು ನೇರವಾದ ಕರೆಗಳಿಂದ ನಡೆಯುವುದಲ್ಲ. ‘ಇಂಥ ಘಟನೆ ಸಂಭವಿಸಿದಾಗ ನನ್ನನ್ನು ಕರೆ’ ಎಂದು ಮೊದಲೇ ಹೇಳಿಟ್ಟ ಮಾತಿನ ಮೇಲೆ ನಡೆಯುವುದು. ಇಂಗ್ಲಿಷಿನಲ್ಲಿ ಕಾಲ್‌ಬ್ಯಾಕ್ ಎನ್ನುವ ಈ ಏರ್ಪಾಡನ್ನು ನಾವು ಮರುಕರೆ ಎಂದು ಕರೆಯೋಣ.

ಮರುಕರೆಗಳಲ್ಲಿ ದೋಷವನ್ನು ಹುಡುಕುವುದು ಹೇಗೆ, ಅವು ವ್ಯಯಿಸುವ ಕಾಲವನ್ನು ಅಳೆಯುವುದು ಹೇಗೆ ಎಂಬುದು ಈ ಲೇಖನದ ವಿಷಯ. ಲಿನಕ್ಸ್ ಕರ್ನೆಲ್ಲನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಅದರ ಮೂಲಪಾಠ ಎಲ್ಲರಿಗೂ ತೆರೆದಿರುವುದರಿಂದ ಇಲ್ಲಿ ಹೇಳುವುದನ್ನು ವಾಚಕರು ತಾವೇ ಪರೀಕ್ಷಿಸಿ ನೋಡಬಹುದು. ನಾವು ಪ್ರತಿಪಾದಿಸಲು ಬಯಸುವುದು ಇಷ್ಟು: ಮರುಕರೆಯಲ್ಲಿ ಹೆಸರು ಬರೆಸಿದವನು ಒಬ್ಬ, ಕರೆಯುವವನು ಇನ್ನೊಬ್ಬ, ಫಲವನ್ನು ಅನುಭವಿಸುವವನು ಮೂರನೆಯವನು, ಆದ್ದರಿಂದ ನೋಂದಣಿಯ ಕಾಲದಲ್ಲಿ ಗುರುತು ಬರೆದಿಡದಿದ್ದರೆ ತಪ್ಪು ಪ್ರಕಟವಾದ ಕಾಲದಲ್ಲಿ ಅಪರಾಧಿಯನ್ನು ಹಿಡಿಯಲಾಗದು. ದೋಷಶೋಧನೆಯ ಸಾಧನಗಳು ಬೆಳೆದುಬಂದ ದಾರಿಯು ಈ ಒಂದು ಮಾತಿನ ವಿಸ್ತರಣೆಯೇ ಆಗಿದೆ ಎಂದರೂ ಸಲ್ಲುತ್ತದೆ.

೨. ಮರುಕರೆಯ ಸ್ವರೂಪ

ಛತ್ರದಲ್ಲಿ ಇಳಿದುಕೊಂಡ ಪ್ರಯಾಣಿಕನೊಬ್ಬನು ಕಾವಲುಗಾರನಿಗೆ ತನ್ನ ಕೊಠಡಿಯ ಸಂಖ್ಯೆಯನ್ನು ತಿಳಿಸಿ, ‘ಬೆಳಗಿನ ಗಾಡಿಯ ಹೊತ್ತಿಗೆ ಎಬ್ಬಿಸಪ್ಪ’ ಎಂದು ಹೇಳಿ ಮಲಗುತ್ತಾನೆ. ಕಾವಲುಗಾರನ ಬಳಿ ಉಳಿಯುವುದು ಪ್ರಯಾಣಿಕನ ಹೆಸರಲ್ಲ, ಊರಲ್ಲ. ಕೊಠಡಿಯ ಸಂಖ್ಯೆ ಮಾತ್ರ. ಪ್ರಯಾಣಿಕನು ನಡುರಾತ್ರಿಯಲ್ಲಿ ಮನಸ್ಸು ಬದಲಿಸಿ, ಕಾವಲುಗಾರನಿಗೆ ಹೇಳದೆ ಹೊರಟುಹೋದರೆ, ಆ ಕೊಠಡಿಗೆ ಆಮೇಲೆ ಬಂದು ಮಲಗಿದ ಬೇರೊಬ್ಬನ ನಿದ್ರೆ ಕೆಡುತ್ತದೆ. ಎದ್ದವನು ಕಾವಲುಗಾರನನ್ನು ಬೈಯುತ್ತಾನೆ. ತಪ್ಪು ಕಾವಲುಗಾರನದೂ ಅಲ್ಲ, ಎದ್ದವನದೂ ಅಲ್ಲ. ತಪ್ಪು ಮಾಡಿದವನು ಆ ವೇಳೆಗೆ ಊರು ಬಿಟ್ಟಿರುತ್ತಾನೆ.

ಕರ್ನೆಲ್ಲಿನಲ್ಲಿಯೂ ಸ್ಥಿತಿ ಹೀಗೆಯೇ. ಮರುಕರೆಯನ್ನು ನೋಂದಾಯಿಸುವ ಭಾಗವು ಒಂದು ಫಂಕ್ಷನ್ನಿನ ವಿಳಾಸವನ್ನೂ, ಆ ಫಂಕ್ಷನ್ನಿಗೆ ಬೇಕಾದ ದತ್ತಾಂಶದ ವಿಳಾಸವನ್ನೂ ಒಪ್ಪಿಸಿ ತನ್ನ ದಾರಿ ಹಿಡಿಯುತ್ತದೆ. ಗಡಿಯಾರದ ಅವಧಿ ತೀರಿದಾಗ ಕರೆಯುವ ಟೈಮರ್ ಮರುಕರೆಗಳು, ಸಲಕರಣೆಯೊಂದು ಗಮನ ಬೇಡಿದಾಗ ನಡೆಯುವ ಇಂಟರಪ್ಟ್ ಮರುಕರೆಗಳು, ಯಂತ್ರವನ್ನು ಮಲಗಿಸುವಾಗಲೂ ಎಬ್ಬಿಸುವಾಗಲೂ ಪ್ರತಿಯೊಂದು ಸಲಕರಣೆಗೂ ಸಲ್ಲುವ ಮರುಕರೆಗಳು, ಒಂದು ಸುದ್ದಿಯನ್ನು ಹಲವರಿಗೆ ಸಾಲಾಗಿ ಮುಟ್ಟಿಸುವ ಸೂಚನಾ ಸರಪಳಿಗಳು—ಇವೆಲ್ಲ ಈ ಜಾತಿಗೆ ಸೇರಿದವು. ಜಾಲದ ಕೊಂಡಿಯೊಂದು ಹೊಸದಾಗಿ ಬಂತು, ಯಂತ್ರವು ಮುಚ್ಚುತ್ತಿದೆ ಎಂಬಂಥ ಸುದ್ದಿಗಳು ಸೂಚನಾ ಸರಪಳಿಯ ಮೂಲಕವೇ ಹರಡುತ್ತವೆ.

ಈ ಏರ್ಪಾಡಿನ ಗುಣ ಸ್ಪಷ್ಟವಾಗಿದೆ. ಸುದ್ದಿಯನ್ನು ಹೊರಡಿಸುವವನು ಕೇಳುವವರನ್ನು ಅರಿತಿರಬೇಕಾಗಿಲ್ಲ. ಹೊಸಬರು ಬಂದರೂ ಹಳಬರು ಹೋದರೂ ಅವನ ಬರಹವನ್ನು ತಿದ್ದಬೇಕಾಗಿಲ್ಲ. ಆದರೆ ಈ ಅಪರಿಚಯವೇ ದೋಷಶೋಧನೆಯ ವೇಳೆ ತೊಡಕಾಗುತ್ತದೆ.

೩. ದೋಷಗಳ ಮೂರು ಬಗೆ

ಮೊದಲನೆಯದು, ಕಾಲ ಮೀರಿದ ವಿಳಾಸದ ದೋಷ. ಟೈಮರೊಂದನ್ನು ಒಳಗೊಂಡ ದತ್ತಾಂಶದ ಸ್ಮೃತಿಯನ್ನು, ಟೈಮರನ್ನು ರದ್ದುಮಾಡದೆಯೇ, ವ್ಯವಸ್ಥೆಗೆ ಹಿಂದಿರುಗಿಸಿಬಿಟ್ಟರೆಂದು ಭಾವಿಸೋಣ. ಆ ಸ್ಮೃತಿಯನ್ನು ಬೇರೊಂದು ಭಾಗವು ಪಡೆದು ತನ್ನ ಅಂಕಿಗಳನ್ನು ಅಲ್ಲಿ ಬರೆಯುತ್ತದೆ. ಅವಧಿ ತೀರಿದಾಗ ಟೈಮರಿನ ಮೇಲ್ವಿಚಾರಕನು ಆ ಅಂಕಿಗಳನ್ನೇ ಫಂಕ್ಷನ್ನಿನ ವಿಳಾಸವೆಂದು ತಿಳಿದು ಅಲ್ಲಿಗೆ ಹಾರುತ್ತಾನೆ; ಯಂತ್ರ ಕುಸಿಯುತ್ತದೆ. ಆಗ ಹೊರಡುವ ವರದಿಯಲ್ಲಿರುವ ಕರೆಗಳ ಸರಣಿಯಲ್ಲಿ ಟೈಮರಿನ ಮೇಲ್ವಿಚಾರಕನ ಹೆಸರು ಇರುತ್ತದೆ. ಅದರ ಜೊತೆಗೆ, ಇಂಟರಪ್ಟ್ ಬಂದ ಕ್ಷಣದಲ್ಲಿ ಆಕಸ್ಮಿಕವಾಗಿ ಆ ಪ್ರೊಸೆಸರಿನ ಮೇಲೆ ಓಡುತ್ತಿದ್ದ ಯಾವುದೋ ಕಾರ್ಯದ ಹೆಸರೂ ಇರುತ್ತದೆ. ಇಬ್ಬರೂ ನಿರಪರಾಧಿಗಳು. ಸ್ಮೃತಿಯನ್ನು ಅವಸರದಲ್ಲಿ ಬಿಟ್ಟುಕೊಟ್ಟವನ ಹೆಸರು ವರದಿಯಲ್ಲಿ ಎಲ್ಲಿಯೂ ಇರುವುದಿಲ್ಲ.

ಎರಡನೆಯದು, ಸಂದರ್ಭವನ್ನು ಮೀರಿದ ವರ್ತನೆ. ಕೆಲವು ಮರುಕರೆಗಳು ಕಾಯಲು, ಎಂದರೆ ಕರ್ನೆಲ್ಲಿನ ಪರಿಭಾಷೆಯಲ್ಲಿ ನಿದ್ರಿಸಲು, ಅವಕಾಶವಿಲ್ಲದ ಸ್ಥಳದಲ್ಲಿ ನಡೆಯುತ್ತವೆ. ಅಲ್ಲಿ ಡಿಸ್ಕಿನಿಂದ ಓದುವುದಾಗಲಿ, ಇತರರು ದೀರ್ಘಕಾಲ ಹಿಡಿದಿರಬಹುದಾದ ಬೀಗಕ್ಕಾಗಿ ಕಾಯುವುದಾಗಲಿ ನಿಷಿದ್ಧ. ಬರೆದವನಿಗೆ ತನ್ನ ಫಂಕ್ಷನ್ ಯಾವ ಸ್ಥಳದಲ್ಲಿ ನಡೆಯುವುದೆಂಬ ಅರಿವಿಲ್ಲದಿದ್ದರೆ, ನೂರು ಸಲ ನಿರ್ವಿಘ್ನವಾಗಿ ನಡೆದದ್ದು ನೂರೊಂದನೆಯ ಸಲ ಯಂತ್ರವನ್ನೇ ನಿಲ್ಲಿಸಬಹುದು.

ಮೂರನೆಯದು, ಮೌನದ ದೋಷ. ಸೂಚನಾ ಸರಪಳಿಯಲ್ಲಿರುವ ಪ್ರತಿಯೊಂದು ಮರುಕರೆಗೂ ‘ಸುದ್ದಿ ಇಲ್ಲಿಗೆ ಸಾಕು’ ಎಂದು ಹೇಳಿ ಸರಪಳಿಯನ್ನು ಕಡಿಯುವ ಅಧಿಕಾರ ಉಂಟು. ಒಂದು ಮರುಕರೆಯು ಅಜಾಗರೂಕತೆಯಿಂದ ಹಾಗೆ ಹೇಳಿಬಿಟ್ಟರೆ ಅದರ ಮುಂದಿನವರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಇಲ್ಲಿ ಕುಸಿತವಿಲ್ಲ, ವರದಿಯಿಲ್ಲ. ಆಗಬೇಕಾದ ಕೆಲಸ ಆಗದೆ ಉಳಿಯುತ್ತದೆ, ಅಷ್ಟೆ. ನಡೆದದ್ದರ ಕುರುಹನ್ನು ಹುಡುಕುವುದಕ್ಕಿಂತ ನಡೆಯದೆ ಉಳಿದದ್ದರ ಕುರುಹನ್ನು ಹುಡುಕುವುದು ಕಷ್ಟವೆಂಬುದನ್ನು ಹೇಳಬೇಕಾಗಿಲ್ಲ.

ಸರಪಳಿಗಳ ರಚನೆಯೇ ಬಹುಕಾಲ ಭದ್ರವಾಗಿರಲಿಲ್ಲ. ಸುದ್ದಿ ಹರಿಯುತ್ತಿರುವಾಗಲೇ ಯಾರಾದರೂ ಸರಪಳಿಗೆ ಸೇರಿದರೆ ಅಥವಾ ಬಿಟ್ಟುಹೋದರೆ ಅದರಿಂದ ಒದಗುವ ಅಪಾಯಕ್ಕೆ ರಕ್ಷಣೆ ಇರಲಿಲ್ಲ. ೨೦೦೬ರಲ್ಲಿ ಅಲನ್ ಸ್ಟರ್ನ್ ಎಂಬವರು ಮಾಡಿದ ಪುನಾರಚನೆಯಲ್ಲಿ ಸರಪಳಿಗಳು ಜಾತಿವಾರಾಗಿ ಬೇರೆಯಾದವು: ನಿದ್ರಿಸಬಾರದ ಮರುಕರೆಗಳ ಸರಪಳಿ, ನಿದ್ರಿಸಬಹುದಾದವುಗಳ ಸರಪಳಿ, ರಕ್ಷಣೆಯ ಹೊಣೆಯನ್ನು ಬಳಸುವವನಿಗೇ ಬಿಟ್ಟ ಸರಪಳಿ. ಬೇರೊಂದು ಬಗೆಯ ರಕ್ಷಣೆಯುಳ್ಳ ನಾಲ್ಕನೆಯದು ಅನಂತರ ಸೇರಿತು. ಈ ವರ್ಗೀಕರಣದ ಪ್ರಯೋಜನ ಭದ್ರತೆಯಲ್ಲಿ ಮಾತ್ರವಲ್ಲ, ತಿಳಿವಿನಲ್ಲಿಯೂ ಇದೆ. ಯಾವ ಸರಪಳಿಗೆ ಸೇರುತ್ತಿದ್ದೇನೆಂದು ನೋಡಿದೊಡನೆ ತನ್ನ ಫಂಕ್ಷನ್ನಿಗೆ ಯಾವ ನಿರ್ಬಂಧವಿದೆ ಎಂಬುದು ಬರೆಯುವವನಿಗೆ ಗೊತ್ತಾಗುತ್ತದೆ.

೪. ನೋಂದಣಿಯ ದಾಖಲೆ

ಇನ್ನು ಶೋಧನೆಯ ಉಪಾಯಗಳಿಗೆ ಬರೋಣ. ತಪ್ಪು ಪ್ರಕಟವಾಗುವ ಕ್ಷಣಕ್ಕೂ ತಪ್ಪು ನಡೆದ ಕ್ಷಣಕ್ಕೂ ನಡುವೆ ಅಂತರವಿರುವಲ್ಲಿ, ಎರಡನೆಯ ಕ್ಷಣದಲ್ಲಿಯೇ ಅದನ್ನು ಹಿಡಿಯುವುದು ಉತ್ತಮ. ಅದು ಸಾಧ್ಯವಾಗದಿದ್ದರೆ ಆ ಕ್ಷಣದ ಗುರುತನ್ನು ಬರೆದಿಡುವುದು ಮಧ್ಯಮ.

ಉತ್ತಮ ಮಾರ್ಗಕ್ಕೆ ೨೦೦೮ರಲ್ಲಿ ಕರ್ನೆಲ್ಲಿಗೆ ಸೇರಿದ ವಸ್ತುಪರಿಶೀಲನೆಯ ಏರ್ಪಾಡು ನಿದರ್ಶನ. ಥಾಮಸ್ ಗ್ಲೈಕ್ಸ್‌ನರ್ ರಚಿಸಿದ ಇದು ಟೈಮರೇ ಮೊದಲಾದ ವಸ್ತುಗಳು ಹುಟ್ಟಿದ್ದು, ಸಜ್ಜಾದದ್ದು, ರದ್ದಾದದ್ದು ಎಲ್ಲವನ್ನೂ ಪ್ರತ್ಯೇಕವಾದ ಪಟ್ಟಿಯಲ್ಲಿ ಗುರುತಿಟ್ಟುಕೊಳ್ಳುತ್ತದೆ. ಸ್ಮೃತಿಯ ತುಂಡೊಂದನ್ನು ಯಾರಾದರೂ ಹಿಂದಿರುಗಿಸುವಾಗ, ಅದರೊಳಗೆ ಇನ್ನೂ ಸಜ್ಜಾಗಿರುವ ಟೈಮರ್ ಇದೆಯೇ ಎಂದು ಪಟ್ಟಿಯನ್ನು ನೋಡಿ, ಇದ್ದರೆ ಕೂಡಲೇ ಎಚ್ಚರಿಸುತ್ತದೆ. ಛತ್ರದ ಮಾತಿನಲ್ಲಿ ಹೇಳುವುದಾದರೆ, ಎಬ್ಬಿಸಲು ಹೇಳಿದ್ದನ್ನು ರದ್ದುಮಾಡದೆ ಹೊರಟ ಪ್ರಯಾಣಿಕನನ್ನು ಬಾಗಿಲಲ್ಲಿಯೇ ತಡೆದು ಕೇಳಿದಂತಾಯಿತು. ಎಚ್ಚರಿಕೆಯ ವರದಿಯಲ್ಲಿರುವ ಕರೆಗಳ ಸರಣಿಯು ಈಗ ನಿಜವಾದ ತಪ್ಪಿತಸ್ಥನದೇ ಆಗಿರುತ್ತದೆ.

ಮಧ್ಯಮ ಮಾರ್ಗಕ್ಕೆ ೨೦೧೫ರಲ್ಲಿ ಬಂದ, ಕೆಸಾನ್ ಎಂದು ಕರೆಯುವ ಸ್ಮೃತಿಪರೀಕ್ಷಕವು ನಿದರ್ಶನ. ಹಿಂದಿರುಗಿಸಿದ ಸ್ಮೃತಿಯನ್ನು ಯಾರಾದರೂ ಮುಟ್ಟಿದರೆ, ಆ ಸ್ಮೃತಿಯನ್ನು ಮೊದಲು ಪಡೆದವರು ಯಾರು, ಹಿಂದಿರುಗಿಸಿದವರು ಯಾರು ಎಂಬ ಎರಡು ಸರಣಿಗಳನ್ನೂ ಅದು ವರದಿಯಲ್ಲಿ ಕೊಡುತ್ತದೆ. ಆದರೆ ಮರುಕರೆಯ ವಿಷಯದಲ್ಲಿ ಇದೂ ಸಾಲಲಿಲ್ಲ. ಆರ್‌ಸಿಯು ಎಂಬ ಪದ್ಧತಿಯಲ್ಲಿ ಸ್ಮೃತಿಯನ್ನು ಹಿಂದಿರುಗಿಸುವ ಕೆಲಸವನ್ನೇ ಮರುಕರೆಯಾಗಿ ಮುಂದಕ್ಕೆ ಹಾಕುವುದುಂಟು. ಅಂಥಲ್ಲಿ ‘ಹಿಂದಿರುಗಿಸಿದವನು’ ಎಂದು ವರದಿಯು ತೋರಿಸುವುದು ಮರುಕರೆಗಳನ್ನು ತೀರಿಸುವ ಸಾಮಾನ್ಯ ಸೇವಕನನ್ನು. ಅದನ್ನು ಮುಂದಕ್ಕೆ ಹಾಕಿದವನನ್ನಲ್ಲ. ೨೦೨೦ರಲ್ಲಿ ಈ ಕೊರತೆಯನ್ನು ತುಂಬಲಾಯಿತು: ಮರುಕರೆಯನ್ನು ನೋಂದಾಯಿಸಿದ ಕ್ಷಣದ ಸರಣಿಯನ್ನೂ ಬರೆದಿಟ್ಟು, ವರದಿಯಲ್ಲಿ ಮೂರನೆಯದಾಗಿ ಮುದ್ರಿಸುವ ಕ್ರಮ ಬಂತು. ನಾವು ಪೀಠಿಕೆಯಲ್ಲಿ ಹೇಳಿದ ಮಾತಿಗೆ ಇದಕ್ಕಿಂತ ನೇರವಾದ ಸಮರ್ಥನೆ ಬೇಕಾಗಿಲ್ಲ.

ಗುರುತಿಡುವುದರ ಜೊತೆಗೆ ರಚನೆಯನ್ನೇ ಬದಲಿಸಿದ ಸಂದರ್ಭವೂ ಉಂಟು. ಓಡುತ್ತಿರುವ ಯಂತ್ರಕ್ಕೆ ಪ್ರೊಸೆಸರನ್ನು ಸೇರಿಸುವ, ಬಿಡಿಸುವ ಕೆಲಸವು ಬಹುಕಾಲ ಒಂದು ಸೂಚನಾ ಸರಪಳಿಯ ಮೂಲಕ ನಡೆಯುತ್ತಿತ್ತು. ಯಾರ ಮರುಕರೆ ಯಾರದಕ್ಕಿಂತ ಮೊದಲು ನಡೆಯಬೇಕೆಂಬುದನ್ನು ಆದ್ಯತೆಯ ಅಂಕಿಗಳು ನಿರ್ಧರಿಸುತ್ತಿದ್ದವು. ಆ ಅಂಕಿಗಳ ಹಿಂದಿನ ಕಾರಣ ಬರಹದಲ್ಲಿ ಕಾಣುತ್ತಿರಲಿಲ್ಲ. ಕಟ್ಟುವಾಗಿನ ಕ್ರಮವನ್ನು ಬಿಚ್ಚುವಾಗ ತಿರುಗುಮುರುಗಾಗಿ ಅನುಸರಿಸುವುದು ನ್ಯಾಯ. ಸರಪಳಿಯಲ್ಲಾದರೋ ಎರಡಕ್ಕೂ ಒಂದೇ ಕ್ರಮ. ೨೦೧೬ರಲ್ಲಿ ಗ್ಲೈಕ್ಸ್‌ನರ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಕೈಬಿಟ್ಟು, ಹೆಸರುಳ್ಳ ಹಂತಗಳ ಒಂದು ಏಣಿಯನ್ನು ರಚಿಸಿದರು. ಹತ್ತುವಾಗ ಒಂದೊಂದು ಮೆಟ್ಟಿಲಿಗೂ ಒಂದು ಮರುಕರೆ, ಇಳಿಯುವಾಗ ಅದಕ್ಕೆ ಜೋಡಿಯಾದ ಇನ್ನೊಂದು. ಹಂತಗಳ ಪಟ್ಟಿಯನ್ನು ಓಡುತ್ತಿರುವ ಯಂತ್ರದಲ್ಲಿಯೇ ಓದಬಹುದು. ಒಂದೊಂದು ಮೆಟ್ಟಿಲನ್ನು ಹತ್ತಿದ, ದಾಟಿದ ಕ್ಷಣಗಳನ್ನು ದಾಖಲಿಸಬಹುದು. ಬೇಕೆಂದ ಮೆಟ್ಟಿಲಿನಲ್ಲಿ ಕೃತಕವಾಗಿ ಸೋಲನ್ನು ಉಂಟುಮಾಡಿ, ಹಿಂದಕ್ಕಿಳಿಯುವ ದಾರಿ ಸರಿಯಾಗಿದೆಯೇ ಎಂದು ಪರೀಕ್ಷಿಸಲೂಬಹುದು. ಅದೇ ವರ್ಷದ ಕೊನೆಯಲ್ಲಿ ಹಳೆಯ ನೋಂದಣಿಯ ಫಂಕ್ಷನ್ನುಗಳನ್ನು ಮೂಲಪಾಠದಿಂದ ತೆಗೆದುಹಾಕಿದರು.

ಉಳಿದ ಸೂಚನಾ ಸರಪಳಿಗಳಿಗೆ ೨೦೨೩ರಲ್ಲಿ ದಾಖಲೆಯ ಬಿಂದುಗಳನ್ನು ಸೇರಿಸಲಾಯಿತು. ಯಾವ ಫಂಕ್ಷನ್ ಸರಪಳಿಗೆ ಸೇರಿತು, ಯಾವುದು ಬಿಟ್ಟುಹೋಯಿತು, ಯಾವುದನ್ನು ಕರೆಯಲಾಯಿತು ಎಂಬ ಮೂರು ಸಂಗತಿಗಳನ್ನು ಇವು ತಿಳಿಸುತ್ತವೆ. ಮೇಲೆ ಹೇಳಿದ ಮೌನದ ದೋಷಕ್ಕೆ ಇದೇ ಮದ್ದು. ಸೇರಿದವರ ಪಟ್ಟಿಯನ್ನೂ ಕರೆಸಿಕೊಂಡವರ ಪಟ್ಟಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಸುದ್ದಿ ಎಲ್ಲಿ ನಿಂತಿತೆಂಬುದು ತಿಳಿಯುತ್ತದೆ.

೫. ಬರೆದಿಡಲು ಸ್ಥಳವೇ ಇಲ್ಲದಿರುವಲ್ಲಿ

ಗುರುತನ್ನು ಬರೆದಿಡಬೇಕೆಂದೆವು. ಬರೆಯಲು ಹಲಗೆಯೇ ಇಲ್ಲದಿದ್ದರೆ? ಮಡಿಲಗಣಕವನ್ನು ಮಲಗಿಸಿ ಎಬ್ಬಿಸುವಾಗ ಇಂಥ ಸಂದರ್ಭ ಒದಗುತ್ತದೆ. ಏಳುವಾಗ ಪ್ರತಿಯೊಂದು ಸಲಕರಣೆಯ ಮರುಕರೆಯನ್ನೂ ಸಾಲಾಗಿ ಕರೆಯಬೇಕು. ಅವುಗಳಲ್ಲಿ ಒಂದು ಸಿಕ್ಕಿಕೊಂಡರೆ, ಆ ವೇಳೆಗೆ ಪರದೆ ಎಚ್ಚತ್ತಿರುವುದಿಲ್ಲ, ಡಿಸ್ಕು ಎಚ್ಚತ್ತಿರುವುದಿಲ್ಲ, ಜಾಲವೂ ಇಲ್ಲ. ಬಳಸುವವನು ಕಾಣುವುದು ಕಪ್ಪು ಪರದೆಯನ್ನು. ವಿದ್ಯುತ್ತನ್ನು ಕಡಿದು ಮತ್ತೆ ಹಾಕಿದರೆ ಸ್ಮೃತಿಯಲ್ಲಿದ್ದ ದಾಖಲೆಯೂ, ಉಳಿಸದೆ ಬಿಟ್ಟಿದ್ದ ಅವನ ಬರವಣಿಗೆಯೂ ಒಟ್ಟಿಗೆ ಹೋಗುತ್ತವೆ.

೨೦೦೬ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಇದಕ್ಕೆ ಕಂಡುಕೊಂಡ ಉಪಾಯ ವಿನೋದಕರವೂ ಬೋಧಪ್ರದವೂ ಆಗಿದೆ. ಆ ಹೊತ್ತಿನಲ್ಲಿ ಬರೆಯಲು ಸಿಗುವ, ಯಂತ್ರವನ್ನು ಮರಳಿ ಪ್ರಾರಂಭಿಸಿದ ಮೇಲೂ ಬರೆದದ್ದು ಉಳಿಯುವ ಸಲಕರಣೆ ಒಂದೇ: ಸಣ್ಣ ಬ್ಯಾಟರಿಯ ಮೇಲೆ ನಡೆಯುವ ದಿನ-ವೇಳೆಯ ಗಡಿಯಾರ. ಮರುಕರೆಯನ್ನು ಕರೆಯುವ ಮೊದಲು, ಮೂಲಪಾಠದಲ್ಲಿ ತಾನಿರುವ ಸ್ಥಾನವನ್ನೂ ಸಲಕರಣೆಯ ಹೆಸರನ್ನೂ ಒಂದು ಸಂಖ್ಯೆಯಾಗಿ ಸಂಕ್ಷೇಪಿಸಿ, ಅದನ್ನು ದಿನಾಂಕದ ರೂಪದಲ್ಲಿ ಗಡಿಯಾರದೊಳಗೆ ಬರೆದುಬಿಡುವುದು! ವರ್ಷಕ್ಕೆ ೧೦೦, ತಿಂಗಳಿಗೆ ೧೨, ದಿನಕ್ಕೆ ೨೮, ಗಂಟೆಗೆ ೨೪, ಮೂರು ಮೂರು ನಿಮಿಷಗಳ ಗುಂಪಿಗೆ ೨೦ ಎಂದು ಗುಣಿಸಿದರೆ ೧,೬೧,೨೮,೦೦೦ ಬೇರೆಬೇರೆ ಬೆಲೆಗಳನ್ನು ಗಡಿಯಾರದಲ್ಲಿ ಬರೆಯಬಹುದೆಂದಾಗುತ್ತದೆ. ಆ ಉಪಾಯದಲ್ಲಿ ಬಳಸಿದ ಸಂಖ್ಯೆಗಳು ೧೬, ೯೯೭ ಮತ್ತು ೧,೦೦೯; ಅವುಗಳ ಗುಣಲಬ್ಧ ೧,೬೦,೯೫,೫೬೮—ಮೇಲಿನ ಮಿತಿಯೊಳಗೆ ಸರಿಯಾಗಿ ಹಿಡಿಸುತ್ತದೆ. ಎಲ್ಲ ತಿಂಗಳುಗಳಲ್ಲಿಯೂ ಇರುವುದು ೨೮ ದಿನಗಳೇ ಆದ್ದರಿಂದ ದಿನಕ್ಕೆ ಆ ಮಿತಿ. ಬರೆದ ಮೇಲೆ ಗಡಿಯಾರವು ಸುಮ್ಮನಿರದೆ ಮುಂದಕ್ಕೆ ಓಡುತ್ತಲೇ ಇರುವುದರಿಂದ ಮೂರು ನಿಮಿಷಗಳ ಗುಂಪು. ಆ ಮೂರು ನಿಮಿಷಗಳೊಳಗಾಗಿ ಯಂತ್ರವನ್ನು ಮತ್ತೆ ಪ್ರಾರಂಭಿಸಿದರೆ, ಕರ್ನೆಲ್ ಗಡಿಯಾರವನ್ನು ಓದಿ, ಯಾವ ಸಲಕರಣೆಯ ಹೆಸರು ಆ ಸಂಖ್ಯೆಗೆ ಹೊಂದುತ್ತದೆಂದು ತಿಳಿಸುತ್ತದೆ.

ಹೆಸರು ಸಂಖ್ಯೆಯಾಗಿ ಕುಗ್ಗಿರುವುದರಿಂದ ಎರಡು ಸಲಕರಣೆಗಳಿಗೆ ಒಂದೇ ಸಂಖ್ಯೆ ಬರುವ ಸಂಭವವುಂಟು. ಪ್ರಯೋಗವಾದ ಮೇಲೆ ಗಡಿಯಾರದ ದಿನಾಂಕವಂತೂ ಅಸಂಬದ್ಧವಾಗಿರುತ್ತದೆ, ಅದನ್ನು ಸರಿಪಡಿಸಿಕೊಳ್ಳಬೇಕು. ಇಷ್ಟು ಅನನುಕೂಲವನ್ನು ಸಹಿಸಿದರೆ, ಮೂಕವಾಗಿದ್ದ ಯಂತ್ರವು ಒಂದು ಹೆಸರನ್ನಾದರೂ ಉಸುರುತ್ತದೆ.

೬. ಕಾಲಮಾಪನ

ದೋಷವಿಲ್ಲದ ಮರುಕರೆಯೂ ನಿಧಾನವಾಗಿದ್ದರೆ ಕಂಟಕವೇ. ಸಾಲಾಗಿ ಕರೆಯುವ ಏರ್ಪಾಡಿನಲ್ಲಿ ಒಬ್ಬನು ತಡಮಾಡಿದರೆ ಅವನ ಹಿಂದಿನವರೆಲ್ಲರೂ ಕಾಯಬೇಕು. ಇಂಟರಪ್ಟುಗಳನ್ನು ತಡೆದಿರುವ ಸ್ಥಳದಲ್ಲಿ ತಡವಾದರೆ ಆ ಪ್ರೊಸೆಸರಿನ ಮೇಲಿರುವ ಸಮಸ್ತವೂ ಕಾಯಬೇಕು. ಲಿನಕ್ಸಿನ ಸಾಧಾರಣ ಸ್ಥಾಪನೆಯಲ್ಲಿ, ಪ್ರೊಸೆಸರೊಂದು ೨೦ ಸೆಕೆಂಡುಗಳಿಗೂ ಹೆಚ್ಚು ಕಾಲ ಇತರ ಕಾರ್ಯಗಳಿಗೆ ಎಡೆಗೊಡದೆ ಕರ್ನೆಲ್ಲಿನಲ್ಲಿಯೇ ಸುತ್ತುತ್ತಿದ್ದರೆ ಕಾವಲು ವ್ಯವಸ್ಥೆಯು ಎಚ್ಚರಿಕೆಯನ್ನು ಮುದ್ರಿಸುತ್ತದೆ. ಆದರೆ ಯಂತ್ರಗಳ ಲೆಕ್ಕದಲ್ಲಿ ೨೦ ಸೆಕೆಂಡು ಒಂದು ಯುಗ. ಧ್ವನಿಯನ್ನು ನುಡಿಸುತ್ತಿರುವ ಯಂತ್ರದಲ್ಲಿ ಕೆಲವು ಮಿಲಿಸೆಕೆಂಡುಗಳ ತಡವೇ ಕಿವಿಗೆ ಕೇಳುವಂತಾಗಬಹುದು. ಆದಕಾರಣ ಎಚ್ಚರಿಕೆಗಾಗಿ ಕಾಯದೆ ಅಳೆಯುವುದನ್ನು ಕಲಿಯಬೇಕು.

ಅಳತೆಯ ಮೊದಲ ತೊಡಕು ಅಳೆಯುವ ಕೋಲಿನದೇ. ಮರುಕರೆಯ ಆದಿಯಲ್ಲಿ ಒಂದು ಸಾಲನ್ನೂ ಅಂತ್ಯದಲ್ಲಿ ಒಂದು ಸಾಲನ್ನೂ ಮುದ್ರಿಸಿ ವೇಳೆಯನ್ನು ಕಳೆದು ನೋಡುವುದು ವಿದ್ಯಾರ್ಥಿಗಳಿಗೆ ತಟ್ಟನೆ ಹೊಳೆಯುವ ಉಪಾಯ. ಸರಣಿತಂತಿಯ ಮೂಲಕ ಸೆಕೆಂಡಿಗೆ ೧,೧೫,೨೦೦ ಬಿಟ್‌ಗಳ ವೇಗದಲ್ಲಿ ಮುದ್ರಿಸುವ ಯಂತ್ರವನ್ನು ತೆಗೆದುಕೊಳ್ಳೋಣ. ಒಂದು ಅಕ್ಷರಕ್ಕೆ ೧೦ ಬಿಟ್‌ಗಳಂತೆ ಸೆಕೆಂಡಿಗೆ ೧೧,೫೨೦ ಅಕ್ಷರಗಳಾದುವು. ೮೦ ಅಕ್ಷರಗಳ ಒಂದು ಸಾಲಿಗೆ ಸುಮಾರು ೭ ಮಿಲಿಸೆಕೆಂಡು. ಅಳೆಯಬೇಕಾದ ಮರುಕರೆಯು ೨ ಮೈಕ್ರೋಸೆಕೆಂಡಿನದಾದರೆ ಅದನ್ನು ಅಳೆಯುವ ಸಾಲು ಅದಕ್ಕಿಂತ ಮೂರು ಸಾವಿರ ಪಟ್ಟಿಗೂ ಮಿಗಿಲಾಯಿತು. ಚಿನ್ನವನ್ನು ತೂಗಲು ಬಂಡೆಯನ್ನು ತಕ್ಕಡಿಗೆ ಹಾಕಿದಂತೆ. ಮೇಲಾಗಿ, ವೇಳೆಯ ಸೂಕ್ಷ್ಮ ವ್ಯತ್ಯಾಸದಿಂದ ಹುಟ್ಟಿದ ದೋಷವು ಇಂಥ ಮುದ್ರಣದಿಂದಲೇ ಮಾಯವಾಗಿ, ಮುದ್ರಣವನ್ನು ತೆಗೆದೊಡನೆ ಮರಳಿ ಬರುವುದೂ ಉಂಟು.

ಹಗುರವಾದ ಕೋಲಿಗಾಗಿ ನಡೆದ ಪ್ರಯತ್ನಗಳಲ್ಲಿ ಎರಡು ಮುಖ್ಯವಾದವು. ಒಂದು, ಕೆಪ್ರೋಬ್ ಎಂಬುದು. ಓಡುತ್ತಿರುವ ಕರ್ನೆಲ್ಲಿನಲ್ಲಿ ಬೇಕೆಂದ ಸೂಚನೆಯ ಮೊದಲ ಬೈಟನ್ನು ನಿಲುಗಡೆಯ ಸೂಚನೆಯಿಂದ ಬದಲಿಸಿ, ಪ್ರೊಸೆಸರು ಅಲ್ಲಿಗೆ ಬಂದಾಗ ನಮ್ಮ ದಾಖಲೆಯ ಕೆಲಸವನ್ನು ಮಾಡಿಸಿ, ಮೂಲ ಸೂಚನೆಯನ್ನು ನಡೆಸಿ ಮುಂದಕ್ಕೆ ಕಳುಹಿಸುವುದು ಇದರ ಕ್ರಮ. ೨೦೦೪ರಲ್ಲಿ ಇದು ಮುಖ್ಯ ಕರ್ನೆಲ್ಲಿಗೆ ಸೇರಿತು. ಇದರ ಮೊದಲ ರೂಪವನ್ನು ೨೦೦೨ರ ಅಕ್ಟೋಬರಿನಲ್ಲಿ ರಚಿಸಿದವರು ಐಬಿಎಂ ಸಂಸ್ಥೆಯ ಭಾರತ ಶಾಖೆಯ ಎಂಜಿನಿಯರೊಬ್ಬರೆಂಬುದು ಮೂಲಪಾಠದ ತಲೆಬರಹದಿಂದಲೇ ತಿಳಿಯುತ್ತದೆ. ಆ ಶಾಖೆಯ ಲಿನಕ್ಸ್ ಕೆಲಸದ ಕೇಂದ್ರ ಬೆಂಗಳೂರಿನಲ್ಲಿತ್ತು. ನಮ್ಮ ವಿದ್ಯಾರ್ಥಿಗಳು ಈ ಉಪಕರಣವನ್ನು ದೂರದೇಶದ ವಸ್ತುವೆಂದು ಭಾವಿಸಬೇಕಾಗಿಲ್ಲ.

ಇನ್ನೊಂದು, ಸ್ಟೀವನ್ ರಾಸ್ಟೆಡ್ ಅವರ ಎಫ್‌ಟ್ರೇಸ್; ೨೦೦೮ರದು. ಕರ್ನೆಲ್ಲನ್ನು ಅನುವಾದಿಸುವಾಗಲೇ ಪ್ರತಿಯೊಂದು ಫಂಕ್ಷನ್ನಿನ ಆದಿಯಲ್ಲಿ ಒಂದು ಕರೆಗೆ ಜಾಗ ಬಿಟ್ಟು, ಯಂತ್ರವು ಪ್ರಾರಂಭವಾಗುವಾಗ ಆ ಜಾಗಗಳನ್ನು ಏನೂ ಮಾಡದ ಸೂಚನೆಯಿಂದ ತುಂಬಲಾಗುತ್ತದೆ. ಅಳತೆ ಬೇಕಾದಾಗ ಬೇಕಾದ ಫಂಕ್ಷನ್ನಿನಲ್ಲಿ ಮಾತ್ರ ಆ ಸೂಚನೆಯನ್ನು ಕರೆಯಾಗಿ ಮಾರ್ಪಡಿಸುತ್ತಾರೆ. ಅಳತೆ ಬೇಡದಿದ್ದಾಗ ವೆಚ್ಚ ನಗಣ್ಯ. ದಾಖಲೆಯು ಪರದೆಗೆ ಹೋಗದೆ ಒಂದೊಂದು ಪ್ರೊಸೆಸರಿಗೂ ಪ್ರತ್ಯೇಕವಾದ, ಉಂಗುರದಂತೆ ಸುತ್ತುವ ಸ್ಮೃತಿಗೆ ಹೋಗುತ್ತದೆ. ಓದುವ ಕೆಲಸ ಆಮೇಲಿನದು.

ಎರಡನೆಯ ತೊಡಕು ಸರಾಸರಿಯದು. ಒಂದು ಮರುಕರೆಯು ೧,೦೦೦ ಸಲ ನಡೆಯಿತೆನ್ನೋಣ. ೯೯೯ ಸಲ ಅದಕ್ಕೆ ೨ ಮೈಕ್ರೋಸೆಕೆಂಡು ಹಿಡಿಯಿತು, ಒಂದು ಸಲ ೫೦,೦೦೦ ಮೈಕ್ರೋಸೆಕೆಂಡು. ಒಟ್ಟು ೫೧,೯೯೮; ಸರಾಸರಿ ಸುಮಾರು ೫೨. ಈ ೫೨ ಎಂಬ ಅಂಕಿಯು ಯಾವ ಒಂದು ಸಲಕ್ಕೂ ಸಲ್ಲುವುದಿಲ್ಲ: ಸಾಮಾನ್ಯ ಸ್ಥಿತಿಗಿಂತ ಅದು ಬಹಳ ದೊಡ್ಡದು, ನೋವು ಕೊಟ್ಟ ಆ ಒಂದು ಸಲಕ್ಕೆ ಹೋಲಿಸಿದರೆ ಬಹಳ ಚಿಕ್ಕದು. ಮರುಕರೆಗಳ ಅಳತೆಯಲ್ಲಿ ಗರಿಷ್ಠವನ್ನೂ, ಬೆಲೆಗಳು ಹೇಗೆ ಹರಡಿವೆ ಎಂಬುದನ್ನೂ ನೋಡತಕ್ಕದ್ದು. ಇಂಟರಪ್ಟುಗಳನ್ನು ತಡೆದಿದ್ದ ಅತಿ ದೀರ್ಘವಾದ ಅವಧಿಯೊಂದನ್ನೇ ಹಿಡಿದಿಡುವ ಸೌಕರ್ಯ ಎಫ್‌ಟ್ರೇಸಿನಲ್ಲಿ ಇರುವುದು ಈ ಕಾರಣದಿಂದಲೇ. ೨೦೧೫ರ ಅನಂತರ ಇಬಿಪಿಎಫ್ ಎಂಬ ಪದ್ಧತಿಯನ್ನು ಕೆಪ್ರೋಬ್‌ಗಳಿಗೆ ಜೋಡಿಸಿ, ಹರಡಿಕೆಯ ಲೆಕ್ಕವನ್ನು ಕರ್ನೆಲ್ಲಿನೊಳಗೇ ಮಾಡಿಸುವುದು ಸಾಧ್ಯವಾಗಿದೆ.

ಮೂರನೆಯದು ಮಾದರಿ ತೆಗೆಯುವ ವಿಧಾನದ ತೊಡಕು. ನಿಯತವಾದ ಅವಧಿಗೊಮ್ಮೆ ಇಂಟರಪ್ಟ್ ಕೊಟ್ಟು, ಪ್ರೊಸೆಸರು ಆಗ ಎಲ್ಲಿತ್ತೆಂದು ಬರೆದುಕೊಳ್ಳುವುದು ಕಾಲಮಾಪನದ ಪ್ರಚಲಿತ ವಿಧಾನ. ಆದರೆ ಇಂಟರಪ್ಟುಗಳನ್ನು ತಡೆದಿರುವ ಮರುಕರೆಯೊಳಗೆ ಈ ಇಂಟರಪ್ಟೂ ಬರಲಾರದು. ತಡೆಯನ್ನು ತೆಗೆದ ಕ್ಷಣದಲ್ಲಿ ಬರುತ್ತದೆ. ಹೀಗಾಗಿ ಮರುಕರೆಯು ತಿಂದ ಕಾಲವೆಲ್ಲ ತಡೆಯನ್ನು ತೆಗೆಯುವ ಪುಟ್ಟ ಫಂಕ್ಷನ್ನಿನ ಖಾತೆಗೆ ಬೀಳುತ್ತದೆ. ವರದಿಯ ಮೇಲ್ತುದಿಯಲ್ಲಿ ಬೀಗ ಬಿಡುವ ಫಂಕ್ಷನ್ನನ್ನು ಕಂಡು, ಅದನ್ನೇ ಚುರುಕುಗೊಳಿಸಲು ಹೊರಟರೆ ಶ್ರಮ ವ್ಯರ್ಥ. ತಡೆಗೆ ಒಳಪಡದ ವಿಶೇಷ ಇಂಟರಪ್ಟಿನಿಂದ ಮಾದರಿ ತೆಗೆಯುವುದೇ ಇದಕ್ಕೆ ಪರಿಹಾರ. ಇಲ್ಲಿಯೂ, ದೋಷಶೋಧನೆಯಲ್ಲಿ ಕಂಡಂತೆ, ಅಪರಾಧ ಒಬ್ಬನದು, ಹೆಸರು ಇನ್ನೊಬ್ಬನದು.

೭. ಬ್ಯಾಟರಿಯ ಲೆಕ್ಕ

ನೋಂದಣಿ ಮಾಡಿದವನ ಹೆಸರನ್ನು ಬಹಿರಂಗಪಡಿಸುವುದರಿಂದ ಏನಾಗಬಲ್ಲದೆಂಬುದಕ್ಕೆ ಒಂದು ಐತಿಹಾಸಿಕ ನಿದರ್ಶನವನ್ನು ಕೊಡಬಹುದು. ಹಿಂದೆ ಕರ್ನೆಲ್ಲಿನ ಗಡಿಯಾರವು ಕೆಲಸವಿರಲಿ ಇಲ್ಲದಿರಲಿ ಸೆಕೆಂಡಿಗೆ ನೂರಾರು ಸಲ ಪ್ರೊಸೆಸರನ್ನು ಎಬ್ಬಿಸುತ್ತಿತ್ತು. ೨೦೦೭ರ ಏಪ್ರಿಲಿನಲ್ಲಿ ಬಂದ ೨.೬.೨೧ನೆಯ ಆವೃತ್ತಿಯಲ್ಲಿ, ಕೆಲಸವಿಲ್ಲದಾಗ ಈ ಬಡಿತವನ್ನು ನಿಲ್ಲಿಸುವ ಕ್ರಮ ಜಾರಿಗೆ ಬಂತು. ಹಾಗಾದರೂ ಪ್ರೊಸೆಸರಿಗೆ ನಿದ್ರೆ ಬರಲಿಲ್ಲ. ಅಸಂಖ್ಯಾತ ಟೈಮರ್ ಮರುಕರೆಗಳು ಅದನ್ನು ಮತ್ತೆ ಮತ್ತೆ ಎಬ್ಬಿಸುತ್ತಿದ್ದವು. ಒಂದೊಂದಕ್ಕೆ ಹಿಡಿಯುವ ಕಾಲ ತೀರ ಅಲ್ಪವಾದ್ದರಿಂದ ಕಾಲದ ಲೆಕ್ಕದಲ್ಲಿ ಅವು ಕಾಣುತ್ತಲೇ ಇರಲಿಲ್ಲ. ಅದೇ ಆವೃತ್ತ್ತಿಯಲ್ಲಿ ಸೇರಿದ ಟೈಮರ್ ಅಂಕಿಅಂಶದ ಏರ್ಪಾಡು, ಯಾವ ಕಾರ್ಯವು ಯಾವ ಫಂಕ್ಷನ್ನಿನ ಮೂಲಕ ಎಷ್ಟು ಸಲ ಟೈಮರನ್ನು ಹೂಡಿತೆಂದು ಎಣಿಸಿಕೊಟ್ಟಿತು. ಅದೇ ವರ್ಷ ಇಂಟೆಲ್ ಸಂಸ್ಥೆ ಹೊರತಂದ ಪವರ್‌ಟಾಪ್ ಎಂಬ ಕ್ರಮವಿಧಿಯು ಆ ಎಣಿಕೆಯನ್ನು ಸಾಮಾನ್ಯ ಬಳಕೆದಾರನಿಗೂ ಅರ್ಥವಾಗುವ ಪಟ್ಟಿಯಾಗಿ ತೋರಿಸಿತು. ತಮ್ಮ ಕ್ರಮವಿಧಿಯ ಹೆಸರು ಪಟ್ಟಿಯಲ್ಲಿ ಮೇಲಿರುವುದನ್ನು ಕಂಡ ಲೇಖಕರಿಗೆ ಅದನ್ನು ತಿದ್ದಲು ಬೇರೆ ಪ್ರೇರಣೆ ಬೇಕಾಗಲಿಲ್ಲ.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಒಂದೇ ಯಂತ್ರದಲ್ಲಿ ಹಲವರು ಪರಸ್ಪರ ಮರೆಯಲ್ಲಿ ಇರಬೇಕಾದ ಕಾಲ ಬಂದಾಗ, ಒಬ್ಬರ ಕಾರ್ಯಗಳ ಗುರುತನ್ನು ಇನ್ನೊಬ್ಬರಿಗೆ ತೋರಿಸುವ ಈ ಏರ್ಪಾಡೇ ರಹಸ್ಯಭಂಗಕ್ಕೆ ದಾರಿಯಾಯಿತು. ೨೦೧೭ರಲ್ಲಿ ಇದನ್ನು ಕರ್ನೆಲ್ಲಿನಿಂದ ತೆಗೆದುಹಾಕಿದರು. ಅದೇ ವಿವರವನ್ನು ಇಂದು ಟೈಮರಿನ ದಾಖಲೆಯ ಬಿಂದುಗಳಿಂದ, ಅಧಿಕಾರವುಳ್ಳವರು ಮಾತ್ರ, ಪಡೆಯಬಹುದು. ಬರೆದಿಡುವುದು ಎಷ್ಟು ಅವಶ್ಯವೋ ಬರೆದದ್ದನ್ನು ಯಾರು ಓದಬೇಕೆಂದು ನಿಶ್ಚಯಿಸುವುದೂ ಅಷ್ಟೇ ಅವಶ್ಯ.

೮. ಕಾಲೇಜುಗಳಲ್ಲಿ ಮಾಡಬಹುದಾದ ಪ್ರಯೋಗ

ಮೇಲಿನ ವಿಚಾರಗಳನ್ನು ಪ್ರಯೋಗಶಾಲೆಯಲ್ಲಿ ಮನಗಾಣಿಸಲು ಹೆಚ್ಚಿನ ವೆಚ್ಚವಿಲ್ಲ. ಒಂದು ಗಣಕದೊಳಗೆ ಕಲ್ಪಿತ ಯಂತ್ರವೊಂದನ್ನು ನಿರ್ಮಿಸಿ, ಅದರಲ್ಲಿ ಲಿನಕ್ಸನ್ನು ನಡೆಸುವುದು. ಕುಸಿದರೂ ಹೊರಗಿನ ಗಣಕಕ್ಕೆ ಹಾನಿಯಿಲ್ಲ. ಜಾಲಸಲಕರಣೆಗಳ ಸೂಚನಾ ಸರಪಳಿಗೆ ಸೇರುವ ಒಂದು ಸಣ್ಣ ಘಟಕವನ್ನು ವಿದ್ಯಾರ್ಥಿಗಳಿಂದ ಬರೆಯಿಸಬೇಕು.

ಮೊದಲನೆಯ ಪಾಠ ನೋಂದಣಿಯಲ್ಲಿಯೇ ದೊರೆಯುತ್ತದೆ. ಈ ಸರಪಳಿಗೆ ಹೊಸಬರು ಸೇರಿದಾಗ, ಆಗಲೇ ಇರುವ ಸಲಕರಣೆಗಳ ಸುದ್ದಿಯನ್ನು ಅವರಿಗೆ ಮೊದಲಿನಿಂದ ಹೇಳುವ ಪದ್ಧತಿಯಿದೆ. ನೋಂದಣಿಯ ಫಂಕ್ಷನ್ ಹಿಂದಿರುಗುವ ಮೊದಲೇ ಮರುಕರೆ ನಡೆದಿರುತ್ತದೆ. ನೋಂದಣಿಯಾದ ಮೇಲೆ ಸಿದ್ಧತೆ ಮಾಡಿಕೊಂಡರಾಯಿತೆಂದು ಬರೆದ ಘಟಕವು ಇಲ್ಲಿಯೇ ಮುಗ್ಗರಿಸುತ್ತದೆ.

ಎರಡನೆಯದಾಗಿ, ಎಫ್‌ಟ್ರೇಸಿನಿಂದ ಆ ಮರುಕರೆಯ ಕಾಲವನ್ನು ಅಳೆಯಿಸಿ, ಅದೇ ಕಾಲವನ್ನು ಮುದ್ರಣದ ಸಾಲುಗಳಿಂದಲೂ ಅಳೆಯಿಸಿ, ಎರಡನ್ನೂ ಹೋಲಿಸಬೇಕು. ಮರುಕರೆಯೊಳಗೆ ಬಂದು ಹೋದ ಇಂಟರಪ್ಟಿನ ಕಾಲವೂ, ಮರುಕರೆಯು ನಿದ್ರಿಸಿದ ಕಾಲವೂ ಅಳತೆಯಲ್ಲಿ ಸೇರಿವೆಯೇ ಎಂದು ವಿಚಾರಿಸುವುದನ್ನು ಮರೆಯಕೂಡದು.

ಮೂರನೆಯದಾಗಿ, ಸರಪಳಿಯನ್ನು ಬಿಡದೆಯೇ ಘಟಕವನ್ನು ಕರ್ನೆಲ್ಲಿನಿಂದ ತೆಗೆಯಿಸಿ, ಬಳಿಕ ಹೊಸ ಜಾಲಸಲಕರಣೆಯೊಂದನ್ನು ಸೃಷ್ಟಿಸುವ ಆಜ್ಞೆಯನ್ನು ಕೊಡಿಸಬೇಕು. ಯಂತ್ರ ಕುಸಿಯುತ್ತದೆ. ವರದಿಯಲ್ಲಿ ಕಾಣುವ ಕಾರ್ಯದ ಹೆಸರು ಆ ಆಜ್ಞೆಯದು. ಫಂಕ್ಷನ್ನಿನ ಹೆಸರು ಸರಪಳಿಯನ್ನು ನಡೆಸುವವನದು. ಈ ವರದಿಯೊಂದನ್ನೇ ವಿದ್ಯಾರ್ಥಿಗಳ ಕೈಗಿತ್ತು, ತಪ್ಪಿತಸ್ಥರು ಯಾರೆಂದು ಬರೆಯಿರಿ ಎನ್ನಬೇಕು. ಕೆಲವರಾದರೂ ಆಜ್ಞೆಯನ್ನು ದೂರುತ್ತಾರೆ, ಕೆಲವರು ಸರಪಳಿಯನ್ನು. ವರದಿಯ ಒಂದು ಮೂಲೆಯಲ್ಲಿ, ಕೊನೆಯದಾಗಿ ತೆಗೆದ ಘಟಕ ಯಾವುದೆಂದು ಕರ್ನೆಲ್ ತಾನಾಗಿಯೇ ಬರೆದಿಟ್ಟಿರುತ್ತದೆ. ಹೊರಟುಹೋದವನ ಹೆಸರನ್ನು ಉಳಿಸಿಕೊಂಡ ಜಾಗ ಅದೊಂದೇ. ಅದರ ಕಡೆಗೆ ವಿದ್ಯಾರ್ಥಿಯ ಕಣ್ಣು ತಾನಾಗಿಯೇ ಹೋದ ದಿನ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓದುವ ಅಭ್ಯಾಸವನ್ನು ಅವನು ದಾಟಿದನೆಂದು ಅಧ್ಯಾಪಕರು ತಿಳಿಯಬಹುದು.